ಪ್ಲಾಸ್ಟಿಕ್ ಫಿಲ್ಮ್‌ಗಳ ಮೇಲ್ಮೈ ಶಕ್ತಿ: ಅಚ್ಚಿಗೆ ಮುನ್ನ ಅದರ ಅಳತೆ

ಪಾಲಿಥೀನ್, ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಮೊದಲಾದ ತೆಳು ಫಿಲ್ಮ್‌ಗಳ ಮೇಲೆ ಅಚ್ಚು ಹಾಕುವ, ಲೇಪನ ಕೊಡುವ ಇಲ್ಲವೆ ಎರಡು ಫಿಲ್ಮ್‌ಗಳನ್ನು ಅಂಟಿಸಿ ಒಂದಾಗಿಸುವ ಮುನ್ನ ಮೇಲ್ಮೈಯನ್ನು ಪರೀಕ್ಷಿಸಬೇಕಾಗುತ್ತದೆ. ಅಲ್ಲಿ ದ್ರವ ಹರಡಿ ನಿಲ್ಲುತ್ತದೆಯೋ, ಹನಿಗಟ್ಟಿ ಹಿಂದೆ ಸರಿಯುತ್ತದೆಯೋ ಎಂಬುದನ್ನು ಅಂಕಿಯಲ್ಲಿ ಹೇಳುವ ಪರೀಕ್ಷೆಗಳಿಗೆ ಮೇಲ್ಮೈ ಶಕ್ತಿಯ ಅಳತೆ ಎಂದು ಹೆಸರು. ಅಚ್ಚಿನ ಕೆಲಸದವರು ಇದನ್ನು ‘ಡೈನ್ ನೋಡುವುದು’ ಎನ್ನುತ್ತಾರೆ. ‘ಈ ರೋಲು 38 ಇದೆ’, ‘ಟ್ರೀಟ್‌ಮೆಂಟ್ ಇಳಿದುಹೋಗಿದೆ’ ಎಂಬ ಮಾತುಗಳು ಇದನ್ನೇ ಕುರಿತವು. ಅಂಕಿಯ ಮಾನ ಮೀಟರಿಗೆ ಮಿಲಿನ್ಯೂಟನ್. ಹಳೆಯ ಮಾನವಾದ ಸೆಂಟಿಮೀಟರಿಗೆ ಡೈನ್ ಕೂಡ ಅದೇ ಅಂಕಿಯನ್ನು ಕೊಡುವುದರಿಂದ ಬಾಯಲ್ಲಿ ಡೈನ್ ಎಂಬ ಹೆಸರೇ ಉಳಿದಿದೆ. ಈ ಲೇಖನದಲ್ಲೂ ಅದನ್ನೇ ಬಳಸಿದೆ.

ಬೆಳಗ್ಗೆ ಬಾಗಿಲಿಗೆ ಬರುವ ಹಾಲಿನ ಪ್ಯಾಕೆಟ್ಟನ್ನೇ ನೋಡಬಹುದು. ತಣ್ಣನೆಯ ಕೋಣೆಯಲ್ಲಿ ಬೆವತು, ಕ್ರೇಟಿನಲ್ಲಿ ಒಂದಕ್ಕೊಂದು ಉಜ್ಜಿಕೊಂಡು, ಗಾಡಿಯಲ್ಲಿ ಕುಲುಕಿ, ಕೊನೆಗೆ ಅಡುಗೆಮನೆಯ ನಲ್ಲಿಯ ಕೆಳಗೆ ತೊಳೆಸಿಕೊಂಡರೂ ಅದರ ಬಣ್ಣ ಕೈಗೆ ಹತ್ತುವುದಿಲ್ಲ. ಅದೇ ಪಾಲಿಥೀನನ್ನು ಯಾವ ಸಂಸ್ಕಾರವೂ ಇಲ್ಲದೆ ಅಚ್ಚಿಗೆ ಕೊಟ್ಟರೆ ಒಣಗಿದ ಇಂಕು ಉಗುರಿಗೆ ಎದ್ದುಬರುತ್ತದೆ. ಎರಡೂ ಫಿಲ್ಮ್ ನೋಡಲು ಒಂದೇ, ಮುಟ್ಟಲು ಒಂದೇ, ತೂಕವೂ ಒಂದೇ. ವ್ಯತ್ಯಾಸವಿರುವುದು ಮೇಲಿನ ಹತ್ತು ನ್ಯಾನೋಮೀಟರಿನಷ್ಟು ಆಳದಲ್ಲಿ ಮಾತ್ರ. 50 ಮೈಕ್ರಾನ್ ದಪ್ಪದ ಫಿಲ್ಮ್‌ನಲ್ಲಿ ಅದು ಐದು ಸಾವಿರದಲ್ಲಿ ಒಂದು ಪಾಲು. ಕಣ್ಣಿಗೂ ಬೆರಳಿಗೂ ಸಿಗದ ಈ ಪದರದ ಸ್ಥಿತಿಯನ್ನು ಅಚ್ಚಿನ ಯಂತ್ರ ಓಡುವ ಮೊದಲೇ ತಿಳಿಯಬೇಕು. ಓಡಿದ ಮೇಲೆ ತಿಳಿದರೆ ರೋಲುಗಟ್ಟಲೆ ಫಿಲ್ಮ್, ಇಂಕು, ದಿನದ ದುಡಿಮೆ ಎಲ್ಲ ರದ್ದಿಗೆ ಹೋಗುತ್ತವೆ.

ಮೇಲ್ಮೈಯಲ್ಲಿ ಏನಿದೆ

ದ್ರವದ ಒಡಲಿನಲ್ಲಿರುವ ಅಣುವನ್ನು ಅಕ್ಕಪಕ್ಕದ ಅಣುಗಳು ಎಲ್ಲ ದಿಕ್ಕಿಗೂ ಸಮನಾಗಿ ಎಳೆಯುತ್ತವೆ. ಮೇಲ್ಮೈಯಲ್ಲಿರುವ ಅಣುವಿಗೆ ಮೇಲುಗಡೆ ಜೊತೆಗಾರರಿಲ್ಲ. ಒಳಕ್ಕೆ ಎಳೆತ ಹೆಚ್ಚು. ಹೀಗಾಗಿ ದ್ರವ ತನ್ನ ಮೇಲ್ಮೈಯನ್ನು ಆದಷ್ಟು ಕುಗ್ಗಿಸಿಕೊಳ್ಳುತ್ತದೆ. ಇದೇ ಮೇಲ್ಮೈ ಎಳೆತ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನದು 72.8 ಡೈನ್, ಈಥೈಲ್ ಆಲ್ಕೊಹಾಲಿನದು ಸುಮಾರು 22. ಘನವಸ್ತುವಿನ ಮೇಲ್ಮೈಯಲ್ಲೂ ಇಂಥದೇ ಎಳೆತ ಉಂಟು. ಆದರೆ ಘನ ಹರಿಯುವುದಿಲ್ಲ, ಕುಗ್ಗುವುದಿಲ್ಲ, ಹನಿಯಾಗುವುದಿಲ್ಲ; ಆದ್ದರಿಂದ ಅದರ ಮೇಲ್ಮೈ ಶಕ್ತಿಯನ್ನು ನೇರವಾಗಿ ತೂಗುವ ತಕ್ಕಡಿ ಇಲ್ಲ. ಗೊತ್ತಿರುವ ಒಂದು ದ್ರವವನ್ನು ಅದರ ಮೇಲಿಟ್ಟು, ಆ ದ್ರವ ಹೇಗೆ ವರ್ತಿಸುತ್ತದೆ ಎಂಬುದರಿಂದ ಊಹಿಸಬೇಕು. ಈ ಕ್ಷೇತ್ರದ ಅರ್ಧಕ್ಕರ್ಧ ಗೊಂದಲಗಳು ಇದನ್ನು ಮರೆಯುವುದರಿಂದಲೇ ಹುಟ್ಟುತ್ತವೆ. ನಾವು ಓದುವ ಅಂಕಿ ಫಿಲ್ಮ್ ಒಂದರದ್ದೇ ಅಲ್ಲ, ಫಿಲ್ಮ್ ಮತ್ತು ಆ ದ್ರವ ಎರಡರ ನಡುವಿನ ಮಾತುಕತೆಯದ್ದು.

ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳು ಇಂಗಾಲ ಮತ್ತು ಜಲಜನಕಗಳಿಂದ ಮಾತ್ರ ಆದವು. ಅವುಗಳಲ್ಲಿ ವಿದ್ಯುತ್ತಿನ ಏರುಪೇರಿಲ್ಲ. ನೀರಿನ ಅಣು ಹಿಡಿದುಕೊಳ್ಳಲು ಅಲ್ಲಿ ಒಂದು ಗೂಟವೂ ಸಿಗುವುದಿಲ್ಲ. ಪಾಲಿಥೀನಿನ ಮೇಲ್ಮೈ ಶಕ್ತಿ ಸುಮಾರು 31 ಡೈನ್, ಪಾಲಿಪ್ರೊಪಿಲೀನಿನದು ಇನ್ನೂ ಒಂದೆರಡು ಕಡಿಮೆ. ಪಾಲಿಯೆಸ್ಟರಿನಲ್ಲಿ ಆಮ್ಲಜನಕ ಇರುವುದರಿಂದ ಅದು 43ರ ಆಸುಪಾಸಿಗೆ ಏರುತ್ತದೆ, ನೈಲಾನ್ ಇನ್ನೂ ತುಸು ಮೇಲೆ. ಅಂಟದ ಬಾಣಲೆಗಳಿಗೆ ಬಳಿಯುವ ಟೆಫ್ಲಾನ್ 18ರ ಹತ್ತಿರ ನಿಲ್ಲುತ್ತದೆ. ದ್ರವದ ಎಳೆತ ಘನದ ಶಕ್ತಿಗಿಂತ ಕಡಿಮೆಯಿದ್ದರೆ ಹರಡುತ್ತದೆ, ಹೆಚ್ಚಿದ್ದರೆ ಮಣಿಯಾಗುತ್ತದೆ ಎಂಬುದು ಸ್ಥೂಲವಾದ ನಿಯಮ. ಇಂಕಿನ ಎಳೆತಕ್ಕಿಂತ ಫಿಲ್ಮ್‌ನ ಅಂಕಿ ಹತ್ತು ಡೈನಿನಷ್ಟು ಮೇಲಿರಲಿ ಎಂಬ ಕೈಲೆಕ್ಕ ಈ ನಿಯಮದಿಂದ ಬಂದದ್ದು.

ಮಳೆಗಾಲದಲ್ಲಿ ಕೆಸುವಿನ ಎಲೆಯ ಮೇಲೆ ಓಡಾಡುವ ನೀರಿನ ಹನಿಯನ್ನು ಇಲ್ಲಿ ನೆನೆಯುವುದು ಸಹಜ. ಆದರೆ ಆ ಹೋಲಿಕೆಯನ್ನು ಪೂರ್ತಿ ನಂಬುವಂತಿಲ್ಲ. ಎಲೆಯ ಮೇಣದ ಜೊತೆಗೆ ಅದರ ಮೇಲ್ಮೈಯ ಅತಿಸೂಕ್ಷ್ಮ ಉಬ್ಬುತಗ್ಗುಗಳೂ ಸೇರಿ ಹನಿಯನ್ನು ಗುಂಡಾಗಿಸುತ್ತವೆ. ಒರಟುತನ ಹನಿಯ ಆಕಾರವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು 1936ರಲ್ಲಿ ವೆಂಜೆಲ್, 1944ರಲ್ಲಿ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಸಮೀಕರಣಗಳಲ್ಲಿ ತೋರಿಸಿದರು. ಮಿರುಗು ತೆಗೆದ ಮ್ಯಾಟ್ ಫಿಲ್ಮ್‌ಗಳನ್ನು ಅಳೆಯುವಾಗ ಈ ಎಚ್ಚರಿಕೆ ಬೇಕು. ಅಲ್ಲಿ ಕಾಣುವ ಅಂಕಿಯಲ್ಲಿ ರಸಾಯನದ ಪಾಲೆಷ್ಟು, ಒರಟಿನ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಕೊರೋನಾ ಸಂಸ್ಕಾರ

ಫಿಲ್ಮ್‌ನ ಅಂಕಿಯನ್ನು ಏರಿಸುವ ಸಾಮಾನ್ಯ ಉಪಾಯ ಕೊರೋನಾ ವಿದ್ಯುತ್ ಸಂಸ್ಕಾರ. 1950ರ ದಶಕದ ಆರಂಭದಲ್ಲಿ ಡೆನ್ಮಾರ್ಕಿನ ವರ್ನರ್ ಐಸ್ಬಿ ಇದನ್ನು ರೂಪಿಸಿದವರಲ್ಲಿ ಪ್ರಮುಖರು. ರೋಲರಿನ ಮೇಲೆ ಓಡುವ ಫಿಲ್ಮ್‌ಗೂ ಲೋಹದ ವಿದ್ಯುದ್ವಾರಕ್ಕೂ ನಡುವೆ ಒಂದೆರಡು ಮಿಲಿಮೀಟರಿನ ಸಂದು. ಅಲ್ಲಿ ಸಾವಿರಾರು ವೋಲ್ಟುಗಳ ಅಧಿಕ ಆವರ್ತನದ ವಿದ್ಯುತ್ ಹರಿದಾಗ ಗಾಳಿ ಒಡೆದು ನೇರಳೆ ಬಣ್ಣದ ಹೊಳಪು ಕಾಣುತ್ತದೆ, ಓಜೋನಿನ ಚುರುಕು ವಾಸನೆ ಏಳುತ್ತದೆ. ಒಡೆದ ಆಮ್ಲಜನಕ ಪ್ಲಾಸ್ಟಿಕ್ಕಿನ ಸರಪಣಿಗೆ ಹತ್ತಿಕೊಂಡು ಹೈಡ್ರಾಕ್ಸಿಲ್, ಕಾರ್ಬೊನಿಲ್, ಕಾರ್ಬಾಕ್ಸಿಲ್ ಗುಂಪುಗಳಾಗುತ್ತವೆ. ಇಂಕು ಹಿಡಿದುಕೊಳ್ಳುವ ಗೂಟಗಳು ಇವೇ. ಸಂಸ್ಕಾರದ ಪ್ರಮಾಣವನ್ನು ಶಕ್ತಿ, ಅಗಲ, ವೇಗ ಮೂರರಿಂದ ಲೆಕ್ಕ ಹಾಕುತ್ತಾರೆ. ಒಂದು ಮೀಟರ್ ಅಗಲದ ಫಿಲ್ಮ್ ನಿಮಿಷಕ್ಕೆ 100 ಮೀಟರ್ ಓಡುವಾಗ 2 ಕಿಲೋವಾಟ್ ಕೊಟ್ಟರೆ ಚದರ ಮೀಟರಿಗೆ 20 ವಾಟ್-ನಿಮಿಷ. ದಪ್ಪ ಹಲಗೆ, ಬಾಟಲಿಗಳಿಗೆ ಗ್ಯಾಸಿನ ಜ್ವಾಲೆಯನ್ನೂ, ವಿಶೇಷ ಕೆಲಸಗಳಿಗೆ ಪ್ಲಾಸ್ಮಾವನ್ನೂ ಬಳಸುವುದುಂಟು.

ಡೈನ್ ದ್ರವ

ಕಾರ್ಖಾನೆಯಲ್ಲಿ ದಿನಕ್ಕೆ ಹತ್ತಾರು ಬಾರಿ ನಡೆಯುವ ಪರೀಕ್ಷೆ ಇದು. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಡಿ 2578 ಎಂಬ ಮಾನಕ 1967ರಲ್ಲಿ ಮೊದಲು ಹೊರಬಂತು. ಐಎಸ್‌ಒ 8296 ಅದರ ಅಂತರರಾಷ್ಟ್ರೀಯ ಜೊತೆಗಾರ. ಎರಡು ದ್ರವಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಅಂಕಿಗಳ ಒಂದು ಏಣಿಯನ್ನು ಕಟ್ಟಿಕೊಳ್ಳುವುದು ಇದರ ತಂತ್ರ. ಒಂದು, ಫಾರ್ಮಮೈಡ್, ಅದರ ಎಳೆತ 58ರ ಹತ್ತಿರ. ಇನ್ನೊಂದು ಸೆಲ್ಲೊಸಾಲ್ವ್ ಎಂದು ಹೆಸರಾದ ಈಥಿಲೀನ್ ಗ್ಲೈಕಾಲ್ ಮಾನೊಈಥೈಲ್ ಈಥರ್, ಅದು 30. ನೂರು ಪಾಲಿನಲ್ಲಿ 54 ಪಾಲು ಫಾರ್ಮಮೈಡ್, 46 ಪಾಲು ಸೆಲ್ಲೊಸಾಲ್ವ್ ಸೇರಿದರೆ 38; 63.5ಕ್ಕೆ 36.5 ಸೇರಿದರೆ 40. 78ಕ್ಕೆ 22 ಸೇರಿದರೆ 44. ಕಾಣಲೆಂದು ಒಂದಿಷ್ಟು ನೀಲಿ ಬಣ್ಣ ಹಾಕುತ್ತಾರೆ. ಬಣ್ಣದ ಆಯ್ಕೆಯಲ್ಲೂ ಜಾಗ್ರತೆ ಬೇಕು, ಅದು ಎಳೆತವನ್ನು ಕದಲಿಸಬಾರದು.

ಪರೀಕ್ಷೆಯ ಕ್ರಮ ಹೀಗೆ. ರೋಲಿನ ಹೊರಸುತ್ತುಗಳನ್ನು ಬಿಚ್ಚಿ ಎಸೆದು ಒಳಗಿನ ತಾಜಾ ಫಿಲ್ಮ್ ಹೊರತೆಗೆಯಬೇಕು. ಅಳೆಯುವ ಜಾಗಕ್ಕೆ ಬೆರಳು ತಾಗಕೂಡದು. ಚರ್ಮದ ಜಿಡ್ಡು ಸಾಕು, ಅಂಕಿ ಕೆಡಲು. ಹತ್ತಿ ಸುತ್ತಿದ ಕಡ್ಡಿಯ ತುದಿಯನ್ನು 36ರ ದ್ರವದಲ್ಲಿ ಅದ್ದಿ, ಸುಮಾರು ಒಂದು ಚದರ ಅಂಗುಲ ಜಾಗದಲ್ಲಿ ತೆಳುವಾಗಿ ಬಳಿಯಬೇಕು. ಆಮೇಲೆ ಕಣ್ಣು ಕದಲಿಸದೆ ನೋಡಬೇಕು. ನೀಲಿ ಪದರ ಎರಡು ಸೆಕೆಂಡು ದಾಟಿಯೂ ಒಡೆಯದೆ ನಿಂತರೆ ಫಿಲ್ಮ್‌ನ ಅಂಕಿ 36ಕ್ಕಿಂತ ಮೇಲೆ. ಹೊಸ ಕಡ್ಡಿ, 38ರ ದ್ರವ. ಈಗ ಬಳಿದ ಪದರ ಒಂದು ಕ್ಷಣ ಹಾಳೆಯಂತೆ ಕಾಣುತ್ತದೆ. ಮರುಕ್ಷಣ ನಡುವಿನಲ್ಲೊಂದು ಸಣ್ಣ ತೂತು ಬೀಳುತ್ತದೆ, ತೂತು ಅಗಲವಾಗುತ್ತದೆ, ನೀಲಿಯೆಲ್ಲ ಎಳೆ ಎಳೆಯಾಗಿ ಕೊನೆಗೆ ಮಣಿಸಾಲಾಗುತ್ತದೆ. ಹಾಗಾದರೆ ಅಂಕಿ 36 ಮತ್ತು 38ರ ನಡುವೆ. ಎರಡು ಸೆಕೆಂಡಿಗೆ ಅತಿ ಹತ್ತಿರದಲ್ಲಿ ಒಡೆಯುವ ದ್ರವ ಯಾವುದೋ ಅದರ ಅಂಕಿಯೇ ಫಿಲ್ಮ್‌ನದು. ಅಂಚು ತುಸು ಒಳಸರಿಯುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ನಡುವಿನ ಪದರ ಏನು ಮಾಡುತ್ತದೆ ಎಂಬುದೇ ತೀರ್ಪು.

ಅಗಲದ ಕಾಲು, ಅರ್ಧ, ಮುಕ್ಕಾಲು ಭಾಗಗಳಲ್ಲಿ, ಮೂರು ಕಡೆಯಾದರೂ ಹೀಗೆ ನೋಡಬೇಕು. ವಿದ್ಯುದ್ವಾರದ ಸಂದು ಒಂದು ತುದಿಯಲ್ಲಿ ಕೂದಲೆಳೆಯಷ್ಟು ಹೆಚ್ಚಿದ್ದರೂ ಆ ತುದಿಯ ಉದ್ದಕ್ಕೂ ಅಂಕಿ ಇಳಿದಿರುತ್ತದೆ. ಒಂದೇ ಕಡೆ ನೋಡಿ ರೋಲಿಗೆ ಒಪ್ಪಿಗೆ ಕೊಡುವುದು ಅನ್ನದ ಒಂದೇ ಅಗುಳು ಹಿಸುಕಿ ನೋಡಿದಂತಲ್ಲ. ಪಾತ್ರೆಯೊಳಗೆ ಬಿಸಿ ಸಮನಾಗಿ ಹರಡುತ್ತದೆ, ಕೊರೋನಾ ಹಾಗೆ ಹರಡುತ್ತದೆಂದು ನೆಚ್ಚುವಂತಿಲ್ಲ. ಹಿಂಬದಿಯನ್ನೂ ನೋಡುವುದು ಒಳ್ಳೆಯದು. ಫಿಲ್ಮ್ ಮತ್ತು ರೋಲರಿನ ನಡುವೆ ಗಾಳಿ ಸಿಕ್ಕಿಕೊಂಡರೆ ಬೇಡದ ಬದಿಗೂ ಸಂಸ್ಕಾರ ತಗುಲುತ್ತದೆ. ಅಂಥ ರೋಲಿನಲ್ಲಿ ಅಚ್ಚಾದ ಇಂಕು ಸುತ್ತಿದ ಮೇಲೆ ಹಿಂಬದಿಗೇ ಅಂಟಿ ಕಿತ್ತುಬರುತ್ತದೆ.

ಡೈನ್ ಪೆನ್ನು ಇದರದ್ದೇ ಚುಟುಕು ರೂಪ. ಗೆರೆ ಎಳೆದು, ಗೆರೆ ಗೆರೆಯಾಗಿ ಉಳಿಯಿತೋ ಮಣಿಯಾಯಿತೋ ಎಂದು ನೋಡುವುದು. ಯಂತ್ರದ ಪಕ್ಕದಲ್ಲಿ ಜೇಬಿನಿಂದ ತೆಗೆದು ನೋಡಲು ಅದಕ್ಕಿಂತ ಅನುಕೂಲ ಬೇರಿಲ್ಲ. ಆದರೆ ಪೆನ್ನಿನ ಮೆತ್ತನೆಯ ತುದಿ ಪ್ರತಿ ಸಲವೂ ಫಿಲ್ಮ್‌ನ ಮೇಲಿನ ಜಿಡ್ಡನ್ನು ಒರೆಸಿಕೊಂಡು ಒಳಗೆ ಸೇರಿಸಿಕೊಳ್ಳುತ್ತದೆ. ಕೆಲವು ವಾರ ಕಳೆದ ಪೆನ್ನಿನಲ್ಲಿ ಬರೆದ ಅಂಕಿ ಒಂದು, ಒಳಗಿರುವ ದ್ರವ ಇನ್ನೊಂದು. ಸೀಸೆಯ ದ್ರವಕ್ಕೂ ಆಯುಸ್ಸು ಉಂಟು. ಮುಚ್ಚಳ ತೆರೆದಿಟ್ಟರೆ ಸೆಲ್ಲೊಸಾಲ್ವ್ ಆರಿಹೋಗುತ್ತದೆ, ಫಾರ್ಮಮೈಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಎರಡೂ ದ್ರವದ ಎಳೆತವನ್ನು ಮೇಲಕ್ಕೇ ತಳ್ಳುತ್ತವೆ. ಆಗ ಒಳ್ಳೆಯ ಫಿಲ್ಮ್ ಕೂಡ ಸೋತಂತೆ ಕಾಣುತ್ತದೆ. ಮಾನಕಗಳು 23 ಡಿಗ್ರಿ ಸೆಲ್ಸಿಯಸ್, ಶೇ. 50ರ ತೇವಾಂಶದ ಕೋಣೆಯನ್ನು ಕೇಳುವುದು ಸುಮ್ಮನಲ್ಲ. ತಗಡಿನ ಸೂರಿನ ಶೆಡ್ಡಿನಲ್ಲಿ ಏಪ್ರಿಲ್ ಮಧ್ಯಾಹ್ನ ತೆಗೆದ ಅಂಕಿಯನ್ನೂ ಎ.ಸಿ. ಪ್ರಯೋಗಾಲಯದಲ್ಲಿ ತೆಗೆದ ಅಂಕಿಯನ್ನೂ ಎದುರುಬದುರು ಇಟ್ಟು ಜಗಳವಾಡುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಫಾರ್ಮಮೈಡ್, ಸೆಲ್ಲೊಸಾಲ್ವ್ ಎರಡೂ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲವು, ಚರ್ಮದ ಮೂಲಕವೂ ಒಳಸೇರುತ್ತವೆ. ಕೈಗವಸು, ಗಾಳಿಯಾಡುವ ಜಾಗ ಇಲ್ಲದೆ ಬಳಸಬಾರದ ವಸ್ತುಗಳಿವು. ನೀಲಿಯಾದ ಬೆರಳುಗಳನ್ನು ಅನುಭವದ ಗುರುತೆಂಬಂತೆ ಸಹಿಸಿಕೊಂಡು ಹೋಗುವುದು ತಪ್ಪು. ಇವಕ್ಕೆ ಬದಲಾಗಿ ಆಲ್ಕೊಹಾಲು ಮತ್ತು ನೀರು ಬೆರೆತ ದ್ರವಗಳೂ ಮಾರುಕಟ್ಟೆಯಲ್ಲಿವೆ. ಅವು ಸುರಕ್ಷಿತ. ಆದರೆ ಅದೇ ಫಿಲ್ಮ್‌ನ ಮೇಲೆ ಹಳೆಯ ದ್ರವದಷ್ಟೇ ಅಂಕಿ ತೋರುತ್ತವೆಂಬ ಖಾತ್ರಿಯಿಲ್ಲ. ಅಂಕಿಯ ಜೊತೆಗೆ ಯಾವ ದ್ರವದ್ದು ಎಂದು ಬರೆಯದಿದ್ದರೆ ಆ ಅಂಕಿ ಅರ್ಧ ಮಾತ್ರ.

ಸ್ಪರ್ಶಕೋನ

ಪ್ರಯೋಗಾಲಯದ ದಾರಿ ಬೇರೆ. ಫಿಲ್ಮ್‌ನ ಮೇಲೆ ಕೆಲವೇ ಮೈಕ್ರೊಲೀಟರ್ ನೀರಿನ ಹನಿಯನ್ನು ಸೂಜಿಯಿಂದ ಇಳಿಸಿ, ಪಕ್ಕದಿಂದ ಕ್ಯಾಮೆರಾದಲ್ಲಿ ನೋಡುತ್ತಾರೆ. ಹನಿಯ ಅಂಚು ಫಿಲ್ಮ್ ಅನ್ನು ಮುಟ್ಟುವಲ್ಲಿ ಆಗುವ ಕೋನವೇ ಸ್ಪರ್ಶಕೋನ. ಇದರ ಹಿಂದಿನ ತತ್ತ್ವವನ್ನು ಇಂಗ್ಲೆಂಡಿನ ಥಾಮಸ್ ಯಂಗ್ 1805ರಲ್ಲಿ ದ್ರವಗಳ ಒಗ್ಗೂಡುವಿಕೆಯ ಕುರಿತ ಪ್ರಬಂಧದಲ್ಲಿ ಹೇಳಿದ್ದ. ಆ ಪ್ರಬಂಧದಲ್ಲಿ ಸಮೀಕರಣವೇ ಇಲ್ಲ, ಎಲ್ಲ ಮಾತಿನಲ್ಲೇ ಇದೆ. ಇಂದು ಅವನ ಹೆಸರಿನಲ್ಲಿ ಓದುವ ಸೂತ್ರವನ್ನು ನಂತರದವರು ಬರೆದರು. ಘನದ ಎಳೆತ, ದ್ರವದ ಎಳೆತ, ಎರಡರ ನಡುವಿನ ಎಳೆತ, ಈ ಮೂರೂ ಹನಿಯ ಅಂಚಿನಲ್ಲಿ ಹಗ್ಗಜಗ್ಗಾಟವಾಡಿ ಸಮತೂಕಕ್ಕೆ ಬರುವ ಜಾಗವೇ ಕೋನವನ್ನು ನಿಶ್ಚಯಿಸುತ್ತದೆ.

ಸಂಸ್ಕಾರವಿಲ್ಲದ ಪಾಲಿಥೀನಿನ ಮೇಲೆ ನೀರಿನ ಕೋನ 90 ಡಿಗ್ರಿಯನ್ನು ದಾಟಿ 100ರ ಆಸುಪಾಸಿನಲ್ಲಿರುತ್ತದೆ. ಹನಿ ಗುಂಡಗೆ ಕೂತಿರುತ್ತದೆ. ಸಂಸ್ಕಾರವಾದ ಮೇಲೆ 70ರ ಹತ್ತಿರಕ್ಕೆ ಇಳಿದು ಚಪ್ಪಟೆಯಾಗುತ್ತದೆ. ಕೊರೋನಾ ಫಿಲ್ಮ್‌ಗಳಿಗೆಂದೇ ಇರುವ ಎಎಸ್‌ಟಿಎಂ ಡಿ 5946 ಮಾನಕ ಈ ಒಂದೇ ನೀರಿನ ಕೋನವನ್ನು ಹಿಡಿದು ಸಂಸ್ಕಾರದ ಮಟ್ಟವನ್ನು ಹೇಳುತ್ತದೆ. ವಿಷವಿಲ್ಲ, ಎರಡು ಸೆಕೆಂಡಿನ ಊಹೆಯಿಲ್ಲ, ನೋಡುವವರ ಕಣ್ಣಿನ ಮೇಲಿನ ಅವಲಂಬನೆ ಕಡಿಮೆ. ಹಾಗಿದ್ದೂ ಡೈನ್ ಪೆನ್ನನ್ನು ಅದು ಪೂರ್ತಿ ಹೊರಗೆ ಹಾಕಿಲ್ಲ, ಉಪಕರಣದ ಬೆಲೆ ಒಂದು ಕಾರಣ. ನಿಮಿಷಕ್ಕೆ ನೂರಾರು ಮೀಟರ್ ಓಡುವ ಯಂತ್ರದ ಬದಿಯಲ್ಲಿ ಹನಿಯಿಟ್ಟು ಕೂರುವ ತಾಳ್ಮೆ ಇಲ್ಲದಿರುವುದು ಇನ್ನೊಂದು.

ವಾಷಿಂಗ್ಟನ್ನಿನ ನೌಕಾ ಸಂಶೋಧನಾ ಪ್ರಯೋಗಾಲಯದಲ್ಲಿ ವಿಲಿಯಂ ಜಿಸ್‌ಮನ್ ಮತ್ತು ಸಂಗಡಿಗರು ಈ ಕೋನವನ್ನು ಶಾಸ್ತ್ರವಾಗಿ ಬೆಳೆಸಿದರು. ಒಂದೇ ಕುಟುಂಬದ ದ್ರವಗಳನ್ನು ಸಾಲಾಗಿ ತೆಗೆದುಕೊಂಡು, ಪ್ರತಿಯೊಂದರ ಎಳೆತದ ಎದುರು ಅದರ ಕೋನದ ಕೊಸೈನನ್ನು ಗುರುತಿಸಿದರೆ ಬಿಂದುಗಳು ಬಹುಮಟ್ಟಿಗೆ ಒಂದು ನೇರಗೆರೆಯಲ್ಲಿ ಬೀಳುತ್ತವೆ. ಗೆರೆಯನ್ನು ಕೋನ ಸೊನ್ನೆಯಾಗುವ ತನಕ ಎಳೆದಾಗ ಸಿಗುವ ಅಂಕಿಗೆ ‘ಸಂಧಿ ಮೇಲ್ಮೈ ಎಳೆತ’ ಎನ್ನಬಹುದು. ಅದಕ್ಕಿಂತ ಕಡಿಮೆ ಎಳೆತದ ದ್ರವಗಳೆಲ್ಲ ಆ ಘನದ ಮೇಲೆ ತಾವಾಗಿ ಹರಡುತ್ತವೆ. ಪಾಲಿಥೀನಿಗೆ 31, ಪಿವಿಸಿಗೆ 39, ಪಾಲಿಯೆಸ್ಟರಿಗೆ 43 ಎಂದು ಇಂದಿಗೂ ಪಟ್ಟಿಗಳಲ್ಲಿ ಕಾಣುವ ಅಂಕಿಗಳು ಈ ಕೆಲಸದಿಂದ ಬಂದವು. ಫ್ಲೋರಿನ್ ತುಂಬಿದ ಅಣುಗಳನ್ನು ಒತ್ತಾಗಿ ನಿಲ್ಲಿಸಿದ ಒಂದೇ ಪದರದ ಮೇಲೆ ಅವರಿಗೆ ಸಿಕ್ಕಿದ ಅಂಕಿ ಬರೀ 6.

ಶಕ್ತಿಯನ್ನು ಎರಡು ಪಾಲಾಗಿ ಬಿಡಿಸುವ ವಿಧಾನವನ್ನು 1969ರಲ್ಲಿ ಓವೆನ್ಸ್ ಮತ್ತು ವೆಂಟ್ ಕೊಟ್ಟರು. ಎಲ್ಲ ಅಣುಗಳ ನಡುವೆಯೂ ಇರುವ ಸಾಮಾನ್ಯ ಸೆಳೆತದ ಪಾಲು ಒಂದು, ಆಮ್ಲಜನಕದಂಥ ಗುಂಪುಗಳಿಂದ ಬರುವ ಧ್ರುವೀಯ ಪಾಲು ಇನ್ನೊಂದು. ನೀರು ಮತ್ತು ಡೈಅಯೊಡೊಮೀಥೇನ್ ಎಂಬ ಎರಡು ದ್ರವಗಳ ಕೋನ ಸಿಕ್ಕರೆ ಲೆಕ್ಕ ಮುಗಿಯಿತು. ತೋರಿಸುವುದಕ್ಕಾಗಿ ಒಂದು ಲೆಕ್ಕ: ಸಂಸ್ಕಾರವಿಲ್ಲದ ಫಿಲ್ಮ್‌ನ ಮೇಲೆ ನೀರಿನ ಕೋನ 100, ಇನ್ನೊಂದು ದ್ರವದ್ದು 55 ಇದ್ದರೆ ಸಾಮಾನ್ಯ ಪಾಲು 31.4, ಧ್ರುವೀಯ ಪಾಲು ಬರೀ 0.3. ಸಂಸ್ಕಾರದ ಬಳಿಕ ಕೋನಗಳು 70 ಮತ್ತು 50ಕ್ಕೆ ಇಳಿದವೆನ್ನೋಣ. ಸಾಮಾನ್ಯ ಪಾಲು 34.3, ಧ್ರುವೀಯ ಪಾಲು 9.1, ಒಟ್ಟು 43.4. ಒಟ್ಟು ಅಂಕಿ ಹನ್ನೆರಡರಷ್ಟು ಏರಿದೆ ಎಂಬುದಕ್ಕಿಂತ ಧ್ರುವೀಯ ಪಾಲು ಮೂವತ್ತು ಪಟ್ಟಾಗಿದೆ ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ. ಕೊರೋನಾ ಏನು ಮಾಡಿತು ಎಂಬುದನ್ನು ಡೈನ್ ದ್ರವ ಹೀಗೆ ಬಿಡಿಸಿ ಹೇಳಲಾರದು.

ಅಂಕಿ ಏನನ್ನು ಹೇಳುವುದಿಲ್ಲ

ಹರಡುವುದು ಬೇರೆ, ಹಿಡಿಯುವುದು ಬೇರೆ. ಗ್ರೇವ್ಯೂರ್ ಮತ್ತು ಫ್ಲೆಕ್ಸೊ ಯಂತ್ರಗಳಲ್ಲಿ ಬಳಸುವ ದ್ರಾವಕದ ಇಂಕುಗಳಲ್ಲಿ ಈಥೈಲ್ ಅಸಿಟೇಟ್, ಆಲ್ಕೊಹಾಲುಗಳು ತುಂಬಿರುವುದರಿಂದ ಅವುಗಳ ಎಳೆತ 25 ಡೈನಿನ ಸುತ್ತಮುತ್ತ. ಸಂಸ್ಕಾರವಿಲ್ಲದ ಪಾಲಿಥೀನ್ 31. ನಿಯಮದ ಪ್ರಕಾರ ಇಂಕು ಚೆನ್ನಾಗಿ ಹರಡಬೇಕು. ನಿಜವಾಗಿಯೂ ಹರಡುತ್ತದೆ, ಅಚ್ಚು ಅಂದವಾಗಿಯೂ ಕಾಣುತ್ತದೆ. ಆದರೆ ದ್ರಾವಕ ಆರಿದ ಮೇಲೆ ಉಳಿಯುವ ರಾಳ, ಹಿಡಿಯಲು ಅಲ್ಲಿ ಏನೂ ಇಲ್ಲದೆ ಬಿಟ್ಟುಬರುತ್ತದೆ. ಆದ್ದರಿಂದಲೇ ಇಂಥ ಇಂಕುಗಳಿಗೂ 38ರ ಹತ್ತಿರದ ಫಿಲ್ಮ್ ಕೇಳುತ್ತಾರೆ. ನೀರಿನ ಇಂಕಿಗೆ, ಲ್ಯಾಮಿನೇಷನ್ನಿನ ಅಂಟಿಗೆ 40ರಿಂದ 44. ಡೈನ್ ಅಂಕಿಯ ಜೊತೆಗೆ ಟೇಪಿನ ಪರೀಕ್ಷೆಯೂ ಬೇಕೇಬೇಕು. ಅಚ್ಚಿನ ಮೇಲೆ ಅಂಟುಪಟ್ಟಿ ಒತ್ತಿ ಸರಕ್ಕನೆ ಎಳೆದಾಗ ಇಂಕು ಎಷ್ಟು ಉಳಿಯಿತು ಎಂಬುದೇ ಹಿಡಿತದ ಸಾಕ್ಷಿ.

ಹೆಚ್ಚು ಅಂಕಿ ಯಾವಾಗಲೂ ಒಳ್ಳೆಯದೆಂಬ ನಂಬಿಕೆ ಇನ್ನೂ ಅಪಾಯದ್ದು. ಕೊರೋನಾ ಅತಿಯಾದರೆ ಪ್ಲಾಸ್ಟಿಕ್ಕಿನ ಉದ್ದ ಸರಪಣಿಗಳು ತುಂಡಾಗಿ, ಆಮ್ಲಜನಕ ತುಂಬಿದ ಸಣ್ಣ ಚೂರುಗಳು ಮೇಲ್ಮೈಯಲ್ಲಿ ಸಡಿಲವಾಗಿ ಕೂರುತ್ತವೆ. ಡೈನ್ ದ್ರವಕ್ಕೆ ಅವು ಅಚ್ಚುಮೆಚ್ಚು, ಅಂಕಿ 50 ದಾಟುತ್ತದೆ. ಇಂಕು ಮಾತ್ರ ಆ ಸಡಿಲ ಧೂಳಿಗೆ ಅಂಟಿ, ಧೂಳಿನ ಸಮೇತ ಏಳುತ್ತದೆ. ಬಿಸಿಯಿಂದ ಬೆಸೆಯುವ ಸೀಲು ಕೂಡ ಹಿಡಿಯದೆ ಹೋಗಬಹುದು. ಮುಂಗಾರಿನ ತೇವದಲ್ಲಿ ರೋಲಿನ ಸುತ್ತುಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಇದನ್ನು ಕಂಡುಹಿಡಿಯಲು ಸರಳವಾದ ದಾರಿ ಇದೆ: ಫಿಲ್ಮ್ ಅನ್ನು ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಅಳೆಯಬೇಕು. ಅಂಕಿ ಧುಮುಕಿದರೆ ಆ ಏರಿಕೆ ನೀರಿಗೆ ಕರಗುವ ಚೂರುಗಳದ್ದು. ಸದಾ ಒದ್ದೆಯಲ್ಲೇ ಬಾಳುವ ಹಾಲಿನ ಪ್ಯಾಕೆಟ್ಟಿನಂಥ ಸರಕಿಗೆ ಈ ಪರೀಕ್ಷೆಯನ್ನು ಬಿಡಬಾರದು.

ಅಂಕಿ ನಿಂತ ನೀರಲ್ಲ. ಸಂಸ್ಕಾರವಾದ ಗಳಿಗೆಯಿಂದಲೇ ಇಳಿಯತೊಡಗುತ್ತದೆ. ಮೊದಲ ಕೆಲವು ದಿನ ವೇಗವಾಗಿ, ಆಮೇಲೆ ನಿಧಾನವಾಗಿ. ಮೇಲ್ಮೈಯ ಧ್ರುವೀಯ ಗುಂಪುಗಳು ಮೆಲ್ಲನೆ ಒಳಕ್ಕೆ ಮಗುಚಿಕೊಳ್ಳುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಜಾರಿಕೆಗೆಂದು ಪ್ಲಾಸ್ಟಿಕ್ಕಿನೊಳಗೇ ಬೆರೆಸಿದ ಎರುಕಮೈಡ್, ಓಲಿಯಮೈಡ್‌ಗಳಂಥ ಜಿಡ್ಡಿನ ವಸ್ತುಗಳು. ‘ಸ್ಲಿಪ್’ ಎಂದು ಕರೆಯುವ ಇವು ದಿನಕಳೆದಂತೆ ಒಳಗಿನಿಂದ ಮೇಲಕ್ಕೆ ಬಂದು ಗೂಟಗಳನ್ನು ಮುಚ್ಚುತ್ತವೆ, ಶಾಖ ಹೆಚ್ಚಿದಷ್ಟೂ ಬೇಗ. ಫಿಲ್ಮ್ ಊದುವ ಯಂತ್ರದ ಮೇಲೇ, ಸುತ್ತುವ ಮೊದಲೇ ಕೊರೋನಾ ಕೊಡುವುದು ಇದಕ್ಕಾಗಿ. ಆಗ ಸ್ಲಿಪ್ ಇನ್ನೂ ಮೇಲೆ ಬಂದಿರುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟು ಮೊದಲ ಸಲ ಸಂಸ್ಕಾರ ಕೊಡಹೊರಟರೆ ಎಷ್ಟು ವಿದ್ಯುತ್ ಸುರಿದರೂ ಅಂಕಿ ಏರುವುದು ಕಷ್ಟ. ಮೊದಲೇ ಸಂಸ್ಕಾರವಾದ ರೋಲಿಗೆ ಅಚ್ಚಿನ ಯಂತ್ರದ ಮೇಲೆ ಇನ್ನೊಮ್ಮೆ ಹಗುರವಾಗಿ ಕೊರೋನಾ ಕೊಟ್ಟು ಅಂಕಿಯನ್ನು ಮೇಲೆತ್ತುವುದು ರೂಢಿಯಲ್ಲಿದೆ.

ಆದ್ದರಿಂದ ರೋಲಿನ ಚೀಟಿಯಲ್ಲಿ ಬರೀ ‘40’ ಎಂದು ಬರೆದರೆ ಸಾಲದು. ಯಾವ ದಿನ ಸಂಸ್ಕಾರವಾಯಿತು, ಯಾವ ದಿನ ಅಳೆದದ್ದು, ಒಳಬದಿಯೋ ಹೊರಬದಿಯೋ, ಯಾವ ದ್ರವದಲ್ಲಿ, ಎಷ್ಟು ಬಿಸಿಯಲ್ಲಿ ಎಂಬುದೂ ಜೊತೆಗಿರಬೇಕು. ಫಿಲ್ಮ್ ತಯಾರಿಸಿದವರು ಕಳಿಸುವಾಗ ಒಮ್ಮೆ ಅಳೆದಿದ್ದರೂ, ಅಚ್ಚು ಹಾಕುವವರು ರೋಲನ್ನು ಯಂತ್ರಕ್ಕೆ ಏರಿಸುವ ದಿನ ತಾವೇ ಮತ್ತೊಮ್ಮೆ ಅಳೆಯುತ್ತಾರೆ. ಎರಡು ಅಂಕಿಗಳ ನಡುವೆ ಎರಡು ಡೈನಿನ ಅಂತರ ಕಂಡರೆ ಮೊದಲು ತೆರೆದು ನೋಡಬೇಕಾದದ್ದು ದ್ರವದ ಸೀಸೆಯನ್ನು, ಆಮೇಲೆ ಚೀಟಿಯ ಮೇಲಿನ ತಾರೀಖನ್ನು.